ಅಕ್ಕನ ಫೋಲ್ಡರ್ ತೆರೆಯುತ್ತೆ, ನನ್ನದಕ್ಕೆ ಬೀಗ: ಲಿನಕ್ಸ್‌ನಲ್ಲಿ ಒಡೆತನದ ಗೊಂದಲ

ಪ್ರಶ್ನೆ: ಕಂಪ್ಯೂಟರ್‌ಗೆ ಹೊಸ ಎಸ್‌ಎಸ್‌ಡಿ ಹಾಕಿ ಲಿನಕ್ಸ್ ಹೊಸದಾಗಿ ಇನ್‌ಸ್ಟಾಲ್ ಮಾಡಿದೆ. ಮೊದಲು ನನ್ನ ಅಕೌಂಟ್ ಮಾಡಿಕೊಂಡು ಆಮೇಲೆ ಅಕ್ಕನಿಗೊಂದು ಮಾಡಿಕೊಟ್ಟೆ. ಹಳೆಯ ಲಿನಕ್ಸ್ ಇದ್ದ ಹಾರ್ಡ್ ಡಿಸ್ಕ್ ಹಾಗೇ ಇದೆ. ಅದರಲ್ಲೂ ನಮ್ಮಿಬ್ಬರ ಅಕೌಂಟ್ ಇದ್ದವು. ಈಗ ಆ ಡಿಸ್ಕ್ ತೆರೆದರೆ ನನ್ನ ಫೋಲ್ಡರ್ ಮೇಲೆ ಬೀಗದ ಚಿತ್ರ ಇದೆ, ಅಕ್ಕನ ಫೋಲ್ಡರ್ ಮಾತ್ರ ಸಲೀಸಾಗಿ ತೆರೆಯುತ್ತದೆ! ಎಲ್ಲೋ ನೋಡಿ ಆ ಫೋಲ್ಡರ್‌ಗೂ, ಇರಲಿ ಎಂದು ನನ್ನ ಹೊಸ ಹೋಮ್ ಫೋಲ್ಡರ್‌ಗೂ ಸುಡೊ ಹಾಕಿ 777 ಪರ್ಮಿಶನ್ ಕೊಟ್ಟೆ. ಫೈಲ್‌ಗಳೇನೋ ತೆರೆಯುತ್ತಿವೆ. ಆದರೆ ಈಗ ಬೇರೆ ಕಂಪ್ಯೂಟರ್‌ಗೆ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್ ಕೀ ಕೆಲಸ ಮಾಡುತ್ತಿಲ್ಲ. ಟೆಕ್ಸ್ಟ್ ಫೈಲ್ ಮೇಲೆ ಕ್ಲಿಕ್ ಮಾಡಿದರೆ ‘ರನ್ ಮಾಡಲಾ’ ಎಂದು ಕೇಳುತ್ತದೆ. ವಿಂಡೋಸ್ ಜೊತೆ ಹಂಚಿಕೊಂಡಿರುವ ಪಾರ್ಟಿಶನ್‌ನಲ್ಲಂತೂ ಎಷ್ಟು ಸಲ ಕಮಾಂಡ್ ಕೊಟ್ಟರೂ ಏನೂ ಬದಲಾಗುವುದಿಲ್ಲ. ಇದನ್ನು ಸರಿಮಾಡಬಹುದಾ, ಇಲ್ಲ ಮತ್ತೆ ಇನ್‌ಸ್ಟಾಲ್ ಮಾಡಬೇಕಾ? ನಾವಿಬ್ಬರೂ ಬರೆಯಬಹುದಾದ ಒಂದು ಫೋಲ್ಡರ್ ಕೂಡ ಬೇಕು.

ಉತ್ತರ: ಮತ್ತೆ ಇನ್‌ಸ್ಟಾಲ್ ಮಾಡಬೇಡಿ. 777 ಕೊಟ್ಟಿದ್ದು ನೀವು ಹೇಳಿದ ಎರಡು ಫೋಲ್ಡರ್‌ಗೆ ಮಾತ್ರ ಆಗಿದ್ದರೆ ಇದೇನು ದೊಡ್ಡ ಕೆಲಸವಲ್ಲ.

ಮೊದಲೇ ಒಂದು ಮಾತು. ಕಮಾಂಡ್‌ಗಳನ್ನು ಇಲ್ಲಿ ಕನ್ನಡದಲ್ಲೇ ಬರೆದಿದ್ದೇನೆ, ನೀವು ಟೈಪ್ ಮಾಡುವುದು ಇಂಗ್ಲಿಷ್ ಅಕ್ಷರಗಳಲ್ಲಿ. ದೊಡ್ಡಕ್ಷರ ಬೇಕಾದ ಕಡೆ ಹೇಳುತ್ತೇನೆ, ಉಳಿದದ್ದೆಲ್ಲ ಚಿಕ್ಕಕ್ಷರ. ಸಿಎಚ್‌ಓನ್ ಎಂದರೆ ಒಡೆತನ ಬದಲಿಸುವ ಕಮಾಂಡ್, ಸಿಎಚ್‌ಮಾಡ್ ಎಂದರೆ ಪರ್ಮಿಶನ್ ಬದಲಿಸುವ ಕಮಾಂಡ್. ನಿಮಗೆ ಬೇಕಾಗಿದ್ದದ್ದು ಮೊದಲನೆಯದು, ನೀವು ಓಡಿಸಿದ್ದು ಎರಡನೆಯದು.

ನೀವು ಆಶ್ಚರ್ಯದ ಗುರುತು ಹಾಕಿ ಬರೆದ ಸಾಲಿನಲ್ಲೇ ಉತ್ತರ ಇದೆ: ಅಕ್ಕನ ಫೋಲ್ಡರ್ ತೆರೆಯಿತು. ಯಾಕೆ? ಲಿನಕ್ಸ್ ಡಿಸ್ಕ್ ಮೇಲೆ ಓನರ್ ಹೆಸರು ಬರೆದಿಡುವುದಿಲ್ಲ, ಬರೀ ನಂಬರ್ ಬರೆದಿಡುತ್ತದೆ. ಯಾವ ನಂಬರ್ ಯಾರದ್ದು ಎನ್ನುವ ಪಟ್ಟಿ ಇಟಿಸಿ ಫೋಲ್ಡರ್‌ನ ಪಾಸ್‌ವರ್ಡ್ ಫೈಲ್‌ನಲ್ಲಿ ಇರುತ್ತದೆ. (ಹೆಸರಿಗಷ್ಟೇ ಪಾಸ್‌ವರ್ಡ್ ಫೈಲ್. ನಿಜವಾದ ಪಾಸ್‌ವರ್ಡ್‌ಗಳು ಈಗೆಲ್ಲ ಅದರ ಪಕ್ಕದ ಶ್ಯಾಡೋ ಫೈಲ್‌ನಲ್ಲಿ ಇರುತ್ತವೆ.) ಉಬುಂಟು, ಡೆಬಿಯನ್, ಫೆಡೋರಾ ಎಲ್ಲದರಲ್ಲೂ ಮೊದಲು ಮಾಡಿದ ಅಕೌಂಟ್‌ಗೆ 1000, ಎರಡನೆಯದಕ್ಕೆ 1001 ಸಿಗುತ್ತದೆ. ರೂಟ್ (ಇಡೀ ಸಿಸ್ಟಂ ಮೇಲೆ ಅಧಿಕಾರ ಇರುವ ಅಕೌಂಟ್, ಕಮಾಂಡ್‌ಗೆ ಸುಡೊ ಹಾಕಿದರೆ ಅದು ರೂಟ್ ಅಧಿಕಾರದಲ್ಲಿ ಓಡುತ್ತದೆ) ಯಾವಾಗಲೂ 0.

ಹಳೆಯ ಸಿಸ್ಟಂನಲ್ಲಿ ಮೊದಲು ಅಕ್ಕನ ಅಕೌಂಟ್ ಆಗಿತ್ತು, ಆಮೇಲೆ ನಿಮ್ಮದು ಅಂತ ಕಾಣುತ್ತದೆ. ಅಂದರೆ ಅಲ್ಲಿ ಅಕ್ಕ 1000, ನೀವು 1001. ಹೊಸದರಲ್ಲಿ ನೀವು 1000, ಅಕ್ಕ 1001. ಹಳೆಯ ಡಿಸ್ಕ್ ಹಾಕಿದ ಕೂಡಲೇ ಲಿನಕ್ಸ್ ನಂಬರ್ ನೋಡಿತು. ಅಕ್ಕನ ಫೈಲ್‌ಗಳನ್ನು ನಿಮ್ಮವು ಅಂದುಕೊಂಡಿತು, ನಿಮ್ಮವನ್ನು ಅಕ್ಕನವು ಅಂದುಕೊಂಡಿತು. ಅಕ್ಕ ಲಾಗಿನ್ ಆಗಿ ನೋಡಿದ್ದರೆ ಅವರಿಗೆ ನಿಮ್ಮ ಫೋಲ್ಡರ್ ತೆರೆದುಕೊಳ್ಳುತ್ತಿತ್ತು!

ಊಹೆ ಬೇಡ, ಕಣ್ಣಾರೆ ನೋಡಿ. ಫೈಲ್ ಮ್ಯಾನೇಜರ್‌ನಲ್ಲಿ ಹಳೆಯ ಡಿಸ್ಕ್‌ನ ಹೋಮ್ ಫೋಲ್ಡರ್‌ಗೆ ಹೋಗಿ, ಬಲ ಕ್ಲಿಕ್ ಮಾಡಿ ಅಲ್ಲೇ ಟರ್ಮಿನಲ್ ತೆರೆಯಿರಿ. ಈ ಎರಡನ್ನು ಕೊಡಿ:

ಐಡಿ
ಎಲ್‌ಎಸ್ -ಎಲ್‌ಎನ್

ಮೊದಲನೆಯದು ಈಗಿನ ಸಿಸ್ಟಂನಲ್ಲಿ ನಿಮ್ಮ ನಂಬರ್ ಎಷ್ಟು, ಯಾವ್ಯಾವ ಗ್ರೂಪ್‌ನಲ್ಲಿ ಇದ್ದೀರಿ ಎಂದು ಹೇಳುತ್ತದೆ. ಎರಡನೆಯದು ಫೋಲ್ಡರ್‌ಗಳ ಪಟ್ಟಿ ಕೊಡುತ್ತದೆ, ಓನರ್ ಹೆಸರಿನ ಜಾಗದಲ್ಲಿ ನಂಬರ್ ತೋರಿಸುತ್ತದೆ. ಸಾಮಾನ್ಯವಾಗಿ ಎಲ್ಲರೂ ಎನ್ ಇಲ್ಲದೆ ಬರೀ -ಎಲ್ ಕೊಡುತ್ತಾರೆ. ಇಂಥ ಹೊತ್ತಿನಲ್ಲಿ ಅದೇ ದಾರಿ ತಪ್ಪಿಸುವುದು. ನಿಮ್ಮ ಹಳೆಯ ಫೋಲ್ಡರ್ ಎದುರಿಗೆ ಅಕ್ಕನ ಹೆಸರು ಬರುತ್ತದೆ, ನೋಡಿದವರಿಗೆ ತಲೆ ಕೆಡುತ್ತದೆ. ನಂಬರ್ ನೋಡಿದರೆ ಎರಡೇ ನಿಮಿಷದಲ್ಲಿ ವಿಷಯ ತಿಳಿಯುತ್ತದೆ.

ಈಗ ಒಡೆತನ ಸರಿಮಾಡೋಣ. ‘1001 ಇದ್ದದ್ದನ್ನೆಲ್ಲ 1000 ಮಾಡು’ ಎನ್ನುವ ಕಮಾಂಡ್ ಇದೆ, ಆದರೆ ನಿಮ್ಮ ವಿಷಯದಲ್ಲಿ ಅದನ್ನು ಮುಟ್ಟಬೇಡಿ. ಇಡೀ ಡಿಸ್ಕ್ ಮೇಲೆ ಹಾಗೆ ಮಾಡಿದರೆ ನಿಮ್ಮವು, ಅಕ್ಕನವು ಎಲ್ಲ 1000 ಆಗಿ ಬೆರೆತುಹೋಗುತ್ತವೆ. ಮತ್ತೆ ಬೇರೆ ಮಾಡಲು ದಾರಿ ಇರುವುದಿಲ್ಲ. ಎರಡು ಲೋಟದಲ್ಲಿರುವುದನ್ನು ಅದಲುಬದಲು ಮಾಡಲು ಮೂರನೇ ಲೋಟ ಬೇಕಲ್ವಾ, ಹಾಗೆ. ಫೋಲ್ಡರ್ ಲೆಕ್ಕದಲ್ಲಿ ಮಾಡಿದರೆ ಆ ತಾಪತ್ರಯವೇ ಇಲ್ಲ:

ಸುಡೊ ಸಿಎಚ್‌ಓನ್ -ಆರ್ 1000:1000 ./ನಿಮ್ಮಹೆಸರು
ಸುಡೊ ಸಿಎಚ್‌ಓನ್ -ಆರ್ 1001:1001 ./ಅಕ್ಕನಹೆಸರು

ಇಲ್ಲಿ ಆರ್ ದೊಡ್ಡಕ್ಷರ. ಒಳಗಿನದ್ದೆಲ್ಲ ಸೇರಿಸು ಎಂದು ಅರ್ಥ. ಕೋಲನ್‌ನ ಎಡಕ್ಕೆ ಓನರ್, ಬಲಕ್ಕೆ ಗ್ರೂಪ್. ಗ್ರೂಪ್ ನಂಬರ್ ಐಡಿ ಕಮಾಂಡ್ ಹೇಳಿದ್ದನ್ನೇ ಹಾಕಿ, ನಾನು ಬರೆದದ್ದನ್ನಲ್ಲ. ಓಪನ್‌ಸೂಸೆಯಂಥ ಕೆಲವು ಲಿನಕ್ಸ್‌ಗಳಲ್ಲಿ ಅದು 100 ಇರಬಹುದು. ಹಳೆಯ ಡಿಸ್ಕ್‌ನಲ್ಲಿ ಹೋಮ್ ಬಿಟ್ಟು ಬೇರೆ ಯಾವುದರ ಒಡೆತನವನ್ನೂ ಬದಲಿಸುವ ಅಗತ್ಯ ಇಲ್ಲ.

ಎಂಟರ್ ಒತ್ತುವ ಮೊದಲು ಕೊನೆಯ ಪದವನ್ನು ಮತ್ತೊಮ್ಮೆ ಓದಿ. ಇದನ್ನು ಹೇಳುವುದಕ್ಕೆ ಕಾರಣ ಇದೆ. ಒಮ್ಮೆ ನಾನು ಇದೇ ಕಮಾಂಡ್‌ನಲ್ಲಿ ಸ್ಲ್ಯಾಶ್ ಟೈಪ್ ಮಾಡಿ, ಫೋಲ್ಡರ್ ಹೆಸರು ಬರೆಯುವ ಮೊದಲೇ ಎಂಟರ್ ಒತ್ತಿಬಿಟ್ಟೆ. ಬರೀ ಸ್ಲ್ಯಾಶ್ ಎಂದರೆ ಇಡೀ ಸಿಸ್ಟಂ. ಫೈಲ್ ಅಳಿಸುವ ಆರ್‌ಎಂ ಕಮಾಂಡ್ ಆಗಿದ್ದರೆ ‘ಇದು ಅಪಾಯ’ ಎಂದು ನಿಂತುಬಿಡುತ್ತಿತ್ತು. ಸಿಎಚ್‌ಓನ್, ಸಿಎಚ್‌ಮಾಡ್‌ಗಳಿಗೆ ಆ ಕಾವಲು ತಾನಾಗಿ ಇರುವುದಿಲ್ಲ, ನಾವೇ ಕೇಳಿ ಹಾಕಿಕೊಳ್ಳಬೇಕು. ಕಂಟ್ರೋಲ್ ಸಿ ಒತ್ತಿ ನಿಲ್ಲಿಸುವ ಹೊತ್ತಿಗೆ ಸುಡೊ ಫೈಲ್‌ನ ಓನರ್ ನಾನೇ ಆಗಿಬಿಟ್ಟಿದ್ದೆ. ಸುಡೊ ಕೆಲಸ ಮಾಡಬೇಕಾದರೆ ಅದರ ಓನರ್ ರೂಟ್ ಆಗಿರಬೇಕು, ಅದರ ಮೇಲೆ ಸೆಟ್‌ಯುಐಡಿ ಎಂಬ ವಿಶೇಷ ಗುರುತೂ ಇರಬೇಕು. ಓನರ್ ಬದಲಾದಾಗ ಆ ಗುರುತು ತಾನಾಗಿ ಅಳಿಸಿಹೋಗುತ್ತದೆ. ತಪ್ಪನ್ನು ಸರಿಮಾಡಲು ಸುಡೊ ಬೇಕು, ಆ ಸುಡೊ ಕೆಟ್ಟಿದ್ದೇ ಆ ತಪ್ಪಿನಿಂದ! ನಾನು ಹೋಮ್ ಉಳಿಸಿಕೊಂಡು ಮತ್ತೆ ಇನ್‌ಸ್ಟಾಲ್ ಮಾಡಿದೆ. ನೀವು 777 ಅನ್ನು ಬರೀ ಸ್ಲ್ಯಾಶ್‌ಗೋ, ಇಟಿಸಿ ಅಥವಾ ಯುಎಸ್‌ಆರ್ ಫೋಲ್ಡರ್‌ಗೋ ಕೊಟ್ಟಿದ್ದರೆ ನಿಮಗೂ ಅದೇ ಸಲಹೆ. ಒಂದೊಂದಾಗಿ ರಿಪೇರಿ ಮಾಡುತ್ತಾ ಕೂತರೆ ವಾರ ಕಳೆದರೂ ಎಲ್ಲೋ ಒಂದು ಉಳಿದಿರುತ್ತದೆ.

ಇನ್ನು 777ರ ವಿಷಯ. ನೆಗಡಿಯಾದರೆ ಮೂಗು ಕೊಯ್ದುಕೊಂಡರಂತೆ ಅನ್ನುತ್ತಾರಲ್ಲ, ಇದು ಅದೇ. ಲೆಕ್ಕ ಸರಳ. ಓದುವುದಕ್ಕೆ 4, ಬರೆಯುವುದಕ್ಕೆ 2, ರನ್ ಮಾಡುವುದಕ್ಕೆ 1. ಮೂರೂ ಸೇರಿದರೆ 7. ಮೊದಲ ಅಂಕೆ ಓನರ್‌ಗೆ, ಎರಡನೆಯದು ಗ್ರೂಪ್‌ಗೆ, ಮೂರನೆಯದು ಉಳಿದ ಎಲ್ಲರಿಗೆ. 777 ಎಂದರೆ ಎಲ್ಲರೂ ಎಲ್ಲವನ್ನೂ ಮಾಡಬಹುದು. ನೀವು ಓದಬೇಕು ಎಂದಿದ್ದ ಫೈಲ್ ತೆರೆಯಿತು, ನಿಜ. ಆದರೆ ಓನರ್ ಮಾತ್ರ ಆಗಲೂ 1001ನೇ ನಂಬರೇ. ಟೆಕ್ಸ್ಟ್ ಫೈಲ್‌ಗೂ ರನ್ ಮಾಡುವ 1 ಬಿದ್ದಿದ್ದರಿಂದಲೇ ಫೈಲ್ ಮ್ಯಾನೇಜರ್ ‘ರನ್ ಮಾಡಲಾ’ ಎಂದು ಕೇಳುತ್ತಿರುವುದು.

ಇಲ್ಲಿ ಜಾಸ್ತಿ ಜನ ಎಡವುವುದು ಫೋಲ್ಡರ್ ವಿಷಯದಲ್ಲಿ. ಆ 4, 2, 1ಕ್ಕೆ ಫೋಲ್ಡರ್ ಮೇಲೆ ಬೇರೆಯೇ ಅರ್ಥ. 4 ಎಂದರೆ ಒಳಗಿನ ಹೆಸರುಗಳ ಪಟ್ಟಿ ನೋಡಬಹುದು. 1 ಎಂದರೆ ಒಳಗೆ ಕಾಲಿಡಬಹುದು. 2 ಎಂದರೆ ಒಳಗೆ ಹೊಸ ಫೈಲ್ ಮಾಡಬಹುದು, ಇದ್ದದ್ದನ್ನು ಅಳಿಸಬಹುದು. ಕಾಲಿಡುವ 1 ಇಲ್ಲದಿದ್ದರೆ ಆ 2 ಇದ್ದೂ ಪ್ರಯೋಜನ ಇಲ್ಲ. ಹಾಗಾಗಿ ಒಂದು ಫೈಲ್ ಅಳಿಸಬಹುದೋ ಇಲ್ಲವೋ ಎನ್ನುವುದು ಆ ಫೈಲ್‌ನ ಪರ್ಮಿಶನ್‌ನಿಂದ ತೀರ್ಮಾನ ಆಗುವುದಿಲ್ಲ, ಅದು ಇರುವ ಫೋಲ್ಡರ್‌ನಿಂದ ಆಗುತ್ತದೆ. ‘ಈ ಫೈಲ್ ಓದಲು ಮಾತ್ರ ಇಟ್ಟಿದ್ದೆ, ಆದರೂ ಅಳಿಸಿಹೋಯಿತು’ ಎನ್ನುವವರಿಗೆಲ್ಲ ಇದೇ ಉತ್ತರ. ಹಾಗೆಯೇ ದಾರಿಯಲ್ಲಿ ಬರುವ ಪ್ರತಿ ಫೋಲ್ಡರ್‌ನಲ್ಲೂ ಕಾಲಿಡುವ 1 ಬೇಕು. ಒಳಗಿನ ಫೈಲ್‌ಗೆ 777 ಇದ್ದರೂ ಮೇಲಿನ ಒಂದು ಫೋಲ್ಡರ್ ಬಾಗಿಲು ಹಾಕಿದ್ದರೆ ಹೋಗುವಂತಿಲ್ಲ. ಬಾಗಿಲು ಎಲ್ಲಿ ಹಾಕಿದೆ ಎಂದು ಹುಡುಕಲು ಒಂದು ಒಳ್ಳೆಯ ಕಮಾಂಡ್ ಇದೆ, ಯಾಕೋ ಯಾರೂ ಹೇಳುವುದಿಲ್ಲ:

ನೇಮ್‌ಐ -ಎಲ್ ಪೂರ್ತಿದಾರಿ

ನೇಮ್ ಸ್ಪೆಲ್ಲಿಂಗ್‌ಗೆ ಕೊನೆಯಲ್ಲಿ ಒಂದು ಐ ಸೇರಿಸಿ. ಸ್ಲ್ಯಾಶ್‌ನಿಂದ ಹಿಡಿದು ಫೈಲ್‌ವರೆಗೆ ಪ್ರತಿ ಮೆಟ್ಟಿಲಿನ ಓನರ್ ಯಾರು, ಪರ್ಮಿಶನ್ ಏನು ಎಂದು ಒಂದರ ಕೆಳಗೊಂದು ತೋರಿಸುತ್ತದೆ.

ಈಗ ನಿಮ್ಮ ಹೊಸ ಹೋಮ್ ಸರಿಮಾಡುವುದು. ಇಂಥ ಕಡೆ ಸಾಮಾನ್ಯವಾಗಿ ಕೊಡುವ ಸಲಹೆ: ದೊಡ್ಡ ಎಕ್ಸ್ ಬಳಸಿ, ಅದು ಫೋಲ್ಡರ್‌ಗಳಿಗೆ ಮಾತ್ರ ರನ್ ಗುರುತು ಕೊಡುತ್ತದೆ ಎಂದು. ಅದು ಅರ್ಧ ಸತ್ಯ. ಮೊದಲೇ ರನ್ ಗುರುತು ಇರುವ ಫೈಲ್‌ಗೂ ಅದು ಕೊಡುತ್ತದೆ. 777 ಆದಮೇಲೆ ಎಲ್ಲ ಫೈಲ್‌ಗೂ ಆ ಗುರುತು ಬಿದ್ದಿರುತ್ತದೆ, ಹಾಗಾಗಿ ದೊಡ್ಡ ಎಕ್ಸ್‌ನಿಂದ ಏನೂ ಆಗುವುದಿಲ್ಲ. ಇನ್ನು ಕೆಲವರು ಹೋಮ್‌ನ ಎಲ್ಲ ಫೈಲ್‌ಗೂ 644 ಕೊಡಿ ಎನ್ನುತ್ತಾರೆ. ಹಾಗೆ ಮಾಡಿದರೆ ಹೋಮ್ ಒಳಗೇ ಇನ್‌ಸ್ಟಾಲ್ ಆಗಿರುವ ಪ್ರೋಗ್ರಾಂಗಳು, ಗೇಮ್‌ಗಳು, ಸ್ಕ್ರಿಪ್ಟ್‌ಗಳು ಎಲ್ಲ ಒಟ್ಟಿಗೆ ನಿಂತುಹೋಗುತ್ತವೆ.

ನಾನು ಮಾಡುವುದು ಹೀಗೆ. ನಿಜವಾದ ಅಪಾಯ ಇರುವುದು ಬೇರೆಯವರು ಬರೆಯಬಹುದು ಎನ್ನುವುದರಲ್ಲಿ. ಮೊದಲು ಅದನ್ನಷ್ಟೇ ತೆಗೆಯಿರಿ:

ಸಿಎಚ್‌ಮಾಡ್ -ಆರ್ ಜಿಒ-ಡಬ್ಲ್ಯು ~

ಆರ್ ದೊಡ್ಡದು. ಗ್ರೂಪ್ ಮತ್ತು ಇತರರಿಂದ ಬರೆಯುವ ಹಕ್ಕು ಕಿತ್ತುಕೋ ಎಂದು ಅರ್ಥ. ~ ಎಂದರೆ ನಿಮ್ಮ ಹೋಮ್ ಫೋಲ್ಡರ್. ಸುಡೊ ಹಾಕಿಲ್ಲ, ಗಮನಿಸಿ. ಬೇಕಂತಲೇ ಹಾಕಿಲ್ಲ. ನಿಮ್ಮದೇ ಫೈಲ್‌ಗೆ ಸುಡೊ ಬೇಕಾಗಿಲ್ಲ. ಯಾವುದಾದರೂ ಫೈಲ್‌ಗೆ ‘ಆಪರೇಶನ್ ನಾಟ್ ಪರ್ಮಿಟೆಡ್’ ಎಂದು ಬಂದರೆ ಅದು ನಿಮ್ಮದಲ್ಲ ಎಂದು ಅಲ್ಲೇ ಗೊತ್ತಾಗುತ್ತದೆ. ಆ ಹೆಸರುಗಳನ್ನು ಬರೆದಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತವೆ.

ಆಮೇಲೆ ಬರೀ ದಾಖಲೆ, ಫೋಟೊ, ಹಾಡು ಇರುವ ಫೋಲ್ಡರ್‌ಗಳಲ್ಲಿ ರನ್ ಗುರುತು ತೆಗೆಯಿರಿ:

ಫೈಂಡ್ ~/ಡಾಕ್ಯುಮೆಂಟ್ಸ್ ~/ಪಿಕ್ಚರ್ಸ್ ~/ಮ್ಯೂಸಿಕ್ -ಟೈಪ್ ಎಫ್ -ಎಕ್ಸೆಕ್ ಸಿಎಚ್‌ಮಾಡ್ ಎ-ಎಕ್ಸ್ {} +

ಫೋಲ್ಡರ್ ಹೆಸರುಗಳ ಮೊದಲ ಅಕ್ಷರ ದೊಡ್ಡದು. ಟೈಪ್ ಎಫ್ ಎಂದಿದ್ದರಿಂದ ಫೈಲ್‌ಗಳನ್ನು ಮಾತ್ರ ಮುಟ್ಟುತ್ತದೆ, ಫೋಲ್ಡರ್‌ಗಳಿಗೆ ಏನೂ ಮಾಡುವುದಿಲ್ಲ. ಉಳಿದ ಕಡೆ ರನ್ ಗುರುತು ಹಾಗೇ ಇರಲಿ ಬಿಡಿ, ನಿಮ್ಮ ಫೈಲ್ ಮೇಲೆ ಅದೊಂದು ಜಾಸ್ತಿ ಇದ್ದರೆ ಕೆಡುವುದೇನಿಲ್ಲ. ಗಿಟ್ ಬಳಸುವವರಾಗಿದ್ದರೆ ಎಲ್ಲ ಫೈಲ್‌ಗಳೂ ಬದಲಾಗಿವೆ ಎಂದು ಅದು ಬೊಬ್ಬೆ ಹೊಡೆಯಬಹುದು. 100644 ಇದ್ದದ್ದು 100755 ಆಗಿದೆ ಎಂದಷ್ಟೇ ಅದರ ದೂರು. ಅಲ್ಲೂ ರನ್ ಗುರುತು ತೆಗೆದರೆ ಸುಮ್ಮನಾಗುತ್ತದೆ.

ಎಸ್‌ಎಸ್‌ಎಚ್ ಕೀ ಬಗ್ಗೆ: ಅದು ಕೆಟ್ಟಿಲ್ಲ, ಹಟ ಮಾಡುತ್ತಿದೆ, ಹಟ ಮಾಡಿದ್ದೂ ಸರಿಯೇ. ಬೇರೆ ಯಾರಾದರೂ ಓದಬಹುದಾದ ಖಾಸಗಿ ಕೀಯನ್ನು ಅದು ಬಳಸುವುದೇ ಇಲ್ಲ. ‘ಪರ್ಮಿಶನ್ಸ್ 0777 ಆರ್ ಟೂ ಓಪನ್’ ಎಂದು ಬಂದಿರುತ್ತದೆ, ನೋಡಿ. ಡಾಟ್ ಎಸ್‌ಎಸ್‌ಎಚ್ ಫೋಲ್ಡರ್‌ಗೆ 700, ಒಳಗಿನ ಫೈಲ್‌ಗಳಿಗೆ 600 ಕೊಡಿ. ಡಾಟ್ ಜಿಎನ್‌ಯುಪಿಜಿ ಫೋಲ್ಡರ್ ಇದ್ದರೆ ಅದಕ್ಕೂ 700. ಕೊನೆಗೆ ಹೋಮ್‌ನ ಹೆಬ್ಬಾಗಿಲು ಹಾಕಿ:

ಸಿಎಚ್‌ಮಾಡ್ 750 ~

ಇಲ್ಲಿ ಆರ್ ಬೇಡ, ಬಾಗಿಲಿಗೆ ಮಾತ್ರ. ಹೊರಗಿನವರು ಇಲ್ಲಿಂದ ಒಳಗೆ ಕಾಲಿಡಲು ಆಗದಿದ್ದರೆ ಒಳಗೆ ಏನಾದರೂ ಸಡಿಲ ಉಳಿದಿದ್ದರೂ ಅಷ್ಟಾಗಿ ಚಿಂತೆ ಇಲ್ಲ. ಉಬುಂಟುವಿನಲ್ಲಿ 21.04ರಿಂದ ಹೊಸ ಹೋಮ್‌ಗಳಿಗೆ ತಾನಾಗಿ 750 ಇರುತ್ತದೆ, ಅದಕ್ಕೆ ಮೊದಲು 755 ಇತ್ತು. ಹಳೆಯ ಡಿಸ್ಕ್‌ನಲ್ಲಿ ನಿಮ್ಮ ಫೋಲ್ಡರ್‌ಗೆ ಕೊಟ್ಟ 777ಕ್ಕೂ ಇದೇ ಕ್ರಮ. ~ ಜಾಗದಲ್ಲಿ ಅದರ ದಾರಿ ಹಾಕಿ.

ಬರೆದಿಟ್ಟುಕೊಳ್ಳಿ ಎಂದಿದ್ದ ಹೆಸರುಗಳು? ಅವು ಹೆಚ್ಚಾಗಿ ರೂಟ್ ಒಡೆತನದ ಫೈಲ್‌ಗಳಾಗಿರುತ್ತವೆ. ಎಡಿಟರ್ ಅಥವಾ ಫೈಲ್ ಮ್ಯಾನೇಜರನ್ನು ಸುಡೊ ಹಾಕಿ ತೆರೆದಾಗ ಅದು ನಿಮ್ಮ ಹೋಮ್‌ನಲ್ಲೇ ರೂಟ್ ಹೆಸರಿನಲ್ಲಿ ಸೆಟ್ಟಿಂಗ್ ಫೈಲ್ ಬರೆದಿಟ್ಟು ಹೋಗಬಹುದು. ಮುಂದೆ ಅದೇ ಎಡಿಟರನ್ನು ನೀವು ಸಾದಾ ತೆರೆದರೆ ಸೆಟ್ಟಿಂಗ್ ಉಳಿಯುವುದಿಲ್ಲ. ಡಾಟ್ ಎಕ್ಸ್‌ಅಥಾರಿಟಿ ಫೈಲ್‌ಗೆ ಹೀಗಾದರಂತೂ ಪಾಸ್‌ವರ್ಡ್ ಸರಿ ಇದ್ದರೂ ಲಾಗಿನ್ ಪರದೆ ಮತ್ತೆ ಮತ್ತೆ ವಾಪಸ್ ಬರಬಹುದು. ಹಾಗಾದರೆ ಗಾಬರಿ ಬೇಡ. ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ, ಕಪ್ಪು ಪರದೆಯಲ್ಲಿ ಲಾಗಿನ್ ಆಗಿ ಇದನ್ನು ಕೊಡಿ:

ಫೈಂಡ್ ~ -ಯೂಸರ್ ರೂಟ್

ಪಟ್ಟಿ ಓದಿ. ಎಲ್ಲ ನಿಮ್ಮವೇ ಅನ್ನಿಸಿದರೆ ಮೇಲೆ ಹೇಳಿದ ಸಿಎಚ್‌ಓನ್‌ನಿಂದ ನಿಮ್ಮ ನಂಬರ್ ಕೊಡಿ. ಡಾಕರ್ ಬಳಸುವವರ ಪ್ರಾಜೆಕ್ಟ್ ಫೋಲ್ಡರ್‌ಗಳಲ್ಲೂ ಇಂಥವು ಸಿಗುತ್ತವೆ. ಇನ್ನು ಮುಂದೆ ಸಿಸ್ಟಂ ಫೈಲ್ ತಿದ್ದಬೇಕಾದರೆ ಸುಡೊಎಡಿಟ್ ಬಳಸಿ. ಅದು ಫೈಲ್‌ನ ಒಂದು ನಕಲನ್ನು ನಿಮ್ಮ ಹೆಸರಿನಲ್ಲಿ ತೆರೆದು, ತಿದ್ದಿದ ಮೇಲೆ ಮೂಲ ಜಾಗಕ್ಕೆ ಸೇರಿಸುತ್ತದೆ.

ವಿಂಡೋಸ್ ಜೊತೆಗಿನ ಪಾರ್ಟಿಶನ್ ಕಥೆ ಪೂರ್ತಿ ಬೇರೆ. ಅದು ಎನ್‌ಟಿಎಫ್‌ಎಸ್, ಅಂದರೆ ವಿಂಡೋಸ್‌ನ ಫೈಲ್ ಸಿಸ್ಟಂ. ಅಲ್ಲಿ ವಿಂಡೋಸ್‌ನದೇ ಬೇರೆ ಪದ್ಧತಿ ಇದೆ. ಪೆನ್ ಡ್ರೈವ್‌ಗಳ ಫ್ಯಾಟ್, ಎಕ್ಸ್‌ಫ್ಯಾಟ್‌ಗಳಲ್ಲಂತೂ ಓನರ್ ಬರೆದಿಡಲು ಜಾಗವೇ ಇಲ್ಲ. ಹಾಗಾಗಿ ಡ್ರೈವ್ ಮೌಂಟ್ ಆಗುವಾಗಲೇ (ಸಿಸ್ಟಂಗೆ ಜೋಡಣೆಯಾಗುವಾಗಲೇ) ‘ಇದರಲ್ಲಿರುವುದೆಲ್ಲ ಇಂಥವರದ್ದು’ ಎಂದು ಲಿನಕ್ಸ್ ಒಂದೇ ಸಲ ತೀರ್ಮಾನ ಮಾಡಿಬಿಡುತ್ತದೆ. ಆಮೇಲೆ ನೀವು ಕೊಡುವ ಸಿಎಚ್‌ಮಾಡ್‌ಗೆ ಒಮ್ಮೊಮ್ಮೆ ಬೈಯುತ್ತದೆ, ಒಮ್ಮೊಮ್ಮೆ ಸುಮ್ನೆ ಇರುತ್ತದೆ, ಬದಲಾವಣೆ ಮಾತ್ರ ಆಗುವುದಿಲ್ಲ. ಬದಲಿಸಬೇಕಾದದ್ದು ಇಟಿಸಿಯ ಎಫ್‌ಎಸ್‌ಟ್ಯಾಬ್ ಫೈಲ್‌ನಲ್ಲಿ ಆ ಪಾರ್ಟಿಶನ್‌ನ ಸಾಲನ್ನು. ಆಪ್ಶನ್‌ಗಳ ಜಾಗದಲ್ಲಿ ಹೀಗೆ:

ಯುಐಡಿ=1000,ಜಿಐಡಿ=1000,ಡಿಮಾಸ್ಕ್=022,ಎಫ್‌ಮಾಸ್ಕ್=133,ನೋಫೇಲ್

ಮಾಸ್ಕ್ ಎಂದರೆ ಕಳೆಯುವ ಲೆಕ್ಕ. ಫೋಲ್ಡರ್‌ಗೆ 777ರಲ್ಲಿ 022 ಹೋಗಿ 755, ಫೈಲ್‌ಗೆ 133 ಹೋಗಿ 644. ಕೊನೆಯ ನೋಫೇಲ್ ಮರೆಯಬೇಡಿ. ಅದಿಲ್ಲದೆ ಆ ಡ್ರೈವ್ ಸಿಗದಿದ್ದರೆ ಕಂಪ್ಯೂಟರ್ ಬೂಟ್ ಆಗದೆ ಎಮರ್ಜೆನ್ಸಿ ಮೋಡ್‌ನಲ್ಲಿ ನಿಲ್ಲಬಹುದು. ಸೇವ್ ಮಾಡಿ, ಡ್ರೈವ್ ಅನ್‌ಮೌಂಟ್ ಮಾಡಿ, ಸುಡೊ ಮೌಂಟ್ -ಎ ಕೊಟ್ಟು ನೋಡಿ. ತಪ್ಪಿದ್ದರೆ ಈಗಲೇ ಗೊತ್ತಾಗಲಿ, ರೀಬೂಟ್ ಆದಮೇಲೆ ಬೇಡ.

ಇಷ್ಟಾದರೂ ‘ರೀಡ್ ಓನ್ಲಿ ಫೈಲ್ ಸಿಸ್ಟಂ’ ಎಂದರೆ ಅದು ಪರ್ಮಿಶನ್ ತಕರಾರೇ ಅಲ್ಲ. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್ ಡೌನ್ ಎಂದು ನೀವು ಒತ್ತಿದ್ದು ಅರ್ಧ ನಿದ್ದೆ ಮಾತ್ರ. ಪಾರ್ಟಿಶನ್ ಇನ್ನೂ ವಿಂಡೋಸ್ ಕೈಯಲ್ಲೇ ಇದೆ ಎಂದು ಲಿನಕ್ಸ್ ಅದಕ್ಕೆ ಬರೆಯಲು ಹೋಗುವುದಿಲ್ಲ. ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ, ಇಲ್ಲದಿದ್ದರೆ ಶಟ್ ಡೌನ್ ಬದಲು ರೀಸ್ಟಾರ್ಟ್ ಒತ್ತಿ ನೇರ ಲಿನಕ್ಸ್‌ಗೆ ಬನ್ನಿ. ರೀಸ್ಟಾರ್ಟ್ ಪೂರ್ತಿ ಮುಚ್ಚುತ್ತದೆ, ಶಟ್ ಡೌನ್ ಮುಚ್ಚುವುದಿಲ್ಲ. ವಿಚಿತ್ರ, ಆದರೆ ಹಾಗೇ ಇದೆ.

ಇನ್ನು ನಿಮಗೂ ಅಕ್ಕನಿಗೂ ಸೇರಿ ಒಂದು ಫೋಲ್ಡರ್. ಇದಕ್ಕೆ 777 ಬೇಡ, ಗ್ರೂಪ್ ಸಾಕು. ನಾನು ‘ಮನೆ’ ಎಂಬ ಗ್ರೂಪ್ ಮಾಡುತ್ತೇನೆ:

ಸುಡೊ ಗ್ರೂಪ್‌ಆ್ಯಡ್ ಮನೆ
ಸುಡೊ ಯೂಸರ್‌ಮಾಡ್ -ಎಜಿ ಮನೆ ನಿಮ್ಮಹೆಸರು
ಸುಡೊ ಯೂಸರ್‌ಮಾಡ್ -ಎಜಿ ಮನೆ ಅಕ್ಕನಹೆಸರು
ಸುಡೊ ಎಂಕೆಡಿಐಆರ್ /ಎಸ್‌ಆರ್‌ವಿ/ಮನೆ
ಸುಡೊ ಸಿಎಚ್‌ಜಿಆರ್‌ಪಿ ಮನೆ /ಎಸ್‌ಆರ್‌ವಿ/ಮನೆ
ಸುಡೊ ಸಿಎಚ್‌ಮಾಡ್ 2770 /ಎಸ್‌ಆರ್‌ವಿ/ಮನೆ
ಸುಡೊ ಸೆಟ್‌ಎಫ್‌ಎಸಿಎಲ್ -ಡಿ -ಎಂ ಜಿ:ಮನೆ:ಆರ್‌ಡಬ್ಲ್ಯುಎಕ್ಸ್ /ಎಸ್‌ಆರ್‌ವಿ/ಮನೆ

-ಎಜಿ ಯಲ್ಲಿ ಎ ಚಿಕ್ಕದು, ಜಿ ದೊಡ್ಡದು. ಆ ಎ ಬಿಟ್ಟರೆ ನಿಮ್ಮ ಮುಖ್ಯ ಗ್ರೂಪ್ ಒಂದನ್ನು ಬಿಟ್ಟು ಬೇರೆ ಎಲ್ಲ ಗ್ರೂಪ್‌ಗಳಿಂದ ನಿಮ್ಮನ್ನು ತೆಗೆದು ಇದರಲ್ಲಿ ಕೂರಿಸುತ್ತದೆ. ಸುಡೊ ಕೊಡುವ ಗ್ರೂಪ್ ಕೂಡ ಹೋಗುತ್ತದೆ, ಹುಷಾರು. 2770ರ ಮೊದಲ 2 ಎಂದರೆ ಇಲ್ಲಿ ಹುಟ್ಟುವ ಫೈಲ್‌ಗಳೆಲ್ಲ ಮನೆ ಗ್ರೂಪ್‌ಗೇ ಸೇರಲಿ ಎಂದು. ಅದೊಂದೇ ಸಾಲದು. ಅನೇಕ ಲಿನಕ್ಸ್‌ಗಳಲ್ಲಿ ಹೊಸ ಫೈಲ್‌ಗೆ 644 ಬೀಳುತ್ತದೆ, ಅಂದರೆ ಗ್ರೂಪ್‌ನವರು ಓದಬಹುದು, ಬರೆಯುವಂತಿಲ್ಲ. ಕೊನೆಯ ಸಾಲು ಅದನ್ನು ಸರಿಮಾಡುತ್ತದೆ.

ಆಮೇಲೆ ಇಬ್ಬರೂ ಪೂರ್ತಿ ಲಾಗ್ ಔಟ್ ಆಗಿ ಮತ್ತೆ ಬನ್ನಿ. ಹೊಸ ಗ್ರೂಪ್ ಲಾಗಿನ್ ಆಗುವಾಗಲೇ ಹತ್ತುವುದು, ಟರ್ಮಿನಲ್ ಮುಚ್ಚಿ ತೆರೆದರೆ ಸಾಲುವುದಿಲ್ಲ. ಬೇರೆ ಕಡೆಯಿಂದ ಎಳೆದು ತಂದು ಹಾಕಿದ ಫೈಲ್‌ಗಳು ತಮ್ಮ ಹಳೆಯ ಪರ್ಮಿಶನ್ ಜೊತೆಗೇ ಬಂದು ಕೂರುತ್ತವೆ. ಹಳೆಯ ಡಿಸ್ಕ್‌ನಿಂದ ಫೋಟೊಗಳನ್ನು ಇಲ್ಲಿಗೆ ತಂದ ಮೇಲೆ ಒಮ್ಮೆ ಇದನ್ನು ಕೊಟ್ಟುಬಿಡಿ:

ಸುಡೊ ಸಿಎಚ್‌ಜಿಆರ್‌ಪಿ -ಆರ್ ಮನೆ /ಎಸ್‌ಆರ್‌ವಿ/ಮನೆ
ಸುಡೊ ಸಿಎಚ್‌ಮಾಡ್ -ಆರ್ ಜಿ+ಆರ್‌ಡಬ್ಲ್ಯುಎಕ್ಸ್ /ಎಸ್‌ಆರ್‌ವಿ/ಮನೆ

ಎರಡರಲ್ಲೂ ಹೈಫನ್ ನಂತರದ ಆರ್ ದೊಡ್ಡದು. ಪ್ಲಸ್ ನಂತರ ಆರ್, ಡಬ್ಲ್ಯು ಚಿಕ್ಕವು, ಎಕ್ಸ್ ಮಾತ್ರ ದೊಡ್ಡದು. ಫೋಟೊಗಳಿಂದ ರನ್ ಗುರುತನ್ನು ಅಷ್ಟು ಹೊತ್ತಿಗೆ ತೆಗೆದಿರುತ್ತೀರಿ, ಹಾಗಾಗಿ ದೊಡ್ಡ ಎಕ್ಸ್ ಇಲ್ಲಿ ಹೇಳಿದ ಕೆಲಸ ಮಾಡುತ್ತದೆ.